ಪರದೆಯ ಮೇಲಿನ ಕೆಂಪು ಚೌಕ

“ಇದು ನಮ್ಮಣ್ಣನ ಕಂಪ್ಯೂಟರ್ ಅಲ್ಲ,” ಅಂದಳು ಚುಕ್ಕಿ.

ಇನ್ಸ್‌ಪೆಕ್ಟರ್ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಕಟಕ್ಕನೆ ಕಡಿದ. “ಅಮ್ಮಾ, ಈ ರೂಮಿಗೆ ಸೀಲ್ ಹಾಕಿದ್ದೂ ನಾನೇ, ಇವತ್ತು ಒಡೆದಿದ್ದೂ ನಾನೇ. ನಡುವೆ ಒಂದು ನೊಣ ಕೂಡ ಒಳಗೆ ಬಂದಿಲ್ಲ. ಅದೇ ಮೇಜು, ಅದೇ ಕಂಪ್ಯೂಟರ್.”

“ಡಬ್ಬ ಅದೇ ಇರಬಹುದು ಸಾರ್. ಒಳಗೆ ಮಾತಾಡ್ತಿರೋದು ಬೇರೆ.”

ಮೇಜಿನ ಮೇಲಿನ ಪುಟ್ಟ ಸ್ಪೀಕರಿನಿಂದ ಸ್ಕ್ರೀನ್ ರೀಡರ್ ಒಂದೇ ಉಸಿರಿಗೆ ಬಡಬಡಿಸುತ್ತಿತ್ತು. ಪರದೆಯ ಮೇಲೆ ಇರುವುದನ್ನೆಲ್ಲ ಕಣ್ಣಿಲ್ಲದವರಿಗೆ ಓದಿ ಹೇಳುವ ಸಾಧನ ಅದು; ಅಂಧರ ಈ ತರಬೇತಿ ಕೇಂದ್ರದಲ್ಲಿ ಅದಿಲ್ಲದ ಕಂಪ್ಯೂಟರೇ ಇಲ್ಲ. ಇನ್ಸ್‌ಪೆಕ್ಟರನ ಕಿವಿಗೆ ಅದು ಹಿಟ್ಟಿನ ಗಿರಣಿಯ ಗದ್ದಲ. ಚುಕ್ಕಿಗೆ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

ಅವಳು ಹುಟ್ಟಿನಿಂದಲೇ ಬೆಳಕು ಕಂಡವಳಲ್ಲ. ಕೇಂದ್ರದ ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಬೆರಳು ಸದಾ ಚುಕ್ಕಿಗಳ ಮೇಲೇ ಇರುತ್ತದೆಂದು ಅಣ್ಣ ಇಟ್ಟ ಹೆಸರು, ತಲೆ ನರೆತ ಮೇಲೂ ಅಂಟಿಕೊಂಡೇ ಇತ್ತು.

ಅವಳ ಹಾಗೇ ಹುಟ್ಟು ಕುರುಡನಾದ ಆ ಅಣ್ಣ ಇಲ್ಲಿನ ಕಂಪ್ಯೂಟರ್ ಮೇಷ್ಟ್ರು. ಹೋದ ವಾರ ಇದೇ ಕುರ್ಚಿಯಲ್ಲಿ, ಮೇಜಿಗೆ ತಲೆಯಾನಿಸಿ, ಹೆಣವಾಗಿದ್ದ. ಫ್ಲಾಸ್ಕಿನ ಚಹಾದಲ್ಲಿ ನಿದ್ದೆ ಮಾತ್ರೆಯ ಪುಡಿ ಸಿಕ್ಕಿತು; ಚಹಾ ಮಾಡಿಕೊಟ್ಟಿದ್ದ ಅತ್ತಿಗೆ ಲಾಕಪ್ ಸೇರಿದಳು. ಈ ಸಂಜೆಯೊಳಗೆ ಕೋರ್ಟು ಅವಳನ್ನು ಜೈಲಿಗೆ ಕಳಿಸುವುದಿತ್ತು.

ಅತ್ತಿಗೆಗೂ ಚುಕ್ಕಿಗೂ ಎಣ್ಣೆ ಸೀಗೆಕಾಯಿ. ಜಗಳವಿಲ್ಲದೆ ಒಂದು ದಿನ ಮುಗಿದದ್ದಿಲ್ಲ. ಆದರೆ ಗಂಡ ಎರಡು ಸಲ ಕೆಮ್ಮಿದರೆ ಇಡೀ ಬೀದಿಯನ್ನು ಎಬ್ಬಿಸುವ ಆ ಹೆಂಗಸು ಅವನ ಚಹಾಕ್ಕೆ ವಿಷ ಬೆರೆಸಿದಳೆಂದರೆ ಚುಕ್ಕಿ ನಂಬಲು ತಯಾರಿರಲಿಲ್ಲ. ಅದಕ್ಕೇ ಇನ್ಸ್‌ಪೆಕ್ಟರನ ಬೆನ್ನು ಬಿದ್ದು, ಕಾಡಿ ಬೇಡಿ, ಈ ಬಾಗಿಲು ತೆಗೆಸಿದ್ದಳು.

“ಬೇರೆ ಅಂದ್ರೆ ಹೇಗೆ ಬೇರೆ?” ಇನ್ಸ್‌ಪೆಕ್ಟರ್ ಕೇಳಿದ.

“ಅಣ್ಣನದು ಕೀರಲು ಗಂಡು ದನಿ. ಅಲ್ಪವಿರಾಮ, ಪೂರ್ಣವಿರಾಮ ಒಂದನ್ನೂ ಬಿಡದೆ ಓದಿಸ್ತಿದ್ದ. ಇದು ದಪ್ಪ ಹೆಣ್ಣು ದನಿ. ಚಿಹ್ನೆಗಳನ್ನೆಲ್ಲ ನುಂಗಿ ನೀರು ಕುಡೀತಿದೆ. ಇಂಥದ್ದು ಈ ಕೇಂದ್ರದಲ್ಲಿ ಯಾರ ಹತ್ರಾನೂ ನಾನು ಕೇಳಿಲ್ಲ.”

“ಬೇಜಾರಾಗಿ ಬದಲಾಯಿಸಿರಬಹುದು.”

“ನಿಮ್ಮನೆಯವರ ದನಿ ಬೇಜಾರಾಯ್ತು ಅಂತ ನೀವು ಬೇರೆ ದನಿ ತಂದ್ಕೊಂಡ್ರಾ ಸಾರ್?”

ಬಾಗಿಲ ಬಳಿಯಿದ್ದ ಕಾನ್‌ಸ್ಟೇಬಲ್ ನಗು ತಡೆದುಕೊಂಡದ್ದು ಚುಕ್ಕಿಗೆ ಕೇಳಿಸಿತು. ಇನ್ಸ್‌ಪೆಕ್ಟರಿಗೂ ಕೇಳಿಸಿರಬೇಕು, ಬೂಟು ಕಿರ್ ಎಂದಿತು.

ಅವಳು ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದಳು. ಹಿಂದೊಮ್ಮೆ ಕಂಪ್ಯೂಟರ್ ಕೆಟ್ಟು, ತನ್ನ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿ, ಅಣ್ಣ ದಿನವಿಡೀ ಬಾಯಿ ಕಳಕೊಂಡವನ ಹಾಗೆ ಕೂತಿದ್ದ. ಅವತ್ತಿನಿಂದ ಅದರದೊಂದು ಪ್ರತಿ ತಂಗಿಯ ಹತ್ತಿರ ಇರುತ್ತಿತ್ತು. “ನನ್ನ ದನಿ ನಿನ್ನ ಚೀಲದಲ್ಲಿರಲಿ ಚುಕ್ಕಿ, ನಿನಗಿಂತ ಭದ್ರವಾದ ಬೀರು ನನಗೆ ಸಿಗಲ್ಲ,” ಅಂದಿದ್ದ.

ಮೇಜಿನ ಕೆಳಗೆ ಬಗ್ಗಿ, ತಡವಿ, ಪೆನ್ ಡ್ರೈವನ್ನು ಡಬ್ಬದ ಕಿಂಡಿಗೆ ಸಿಕ್ಕಿಸಿದಳು. ಕೀಲಿಗಳ ಮೇಲೆ ಬೆರಳಾಡಿಸಿ ಅಣ್ಣನ ಪ್ರತಿಯನ್ನು ತಂದು ಕೂರಿಸಿದಳು.

ಸ್ಪೀಕರ್ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಆ ಕೀರಲು ದನಿ ಬಂತು: ಅವಸರದ, ಮೂಗಿನ, ಒಂದು ಅಲ್ಪವಿರಾಮವನ್ನೂ ಬಿಡದ ದನಿ. ನಿತ್ಯ ಬೆಳಿಗ್ಗೆ ಈ ಓಣಿಯಲ್ಲಿ ನಡೆದು ಬರುವಾಗ ಗೋಡೆಯಾಚೆಯಿಂದ ಕೇಳುತ್ತಿದ್ದದ್ದು ಇದೇ. ಅಣ್ಣ ಬಂದಿದ್ದಾನೆ, ಇನ್ನು ದಿನ ಶುರು ಎಂದು ಅವಳಿಗೆ ಹೇಳುತ್ತಿದ್ದದ್ದು ಇದೇ. ಹೆಣದ ಮುಂದೆಯೂ ಅಳದವಳು ಯಂತ್ರದ ಮುಂದೆ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ನೀರು ಬೇಕಾ ಅಮ್ಮಾ?”

“ಬೇಡ. ಈಗ ನೋಡಿ.” ಅವಳು ಮತ್ತೊಂದು ಕೀಲಿ ಒತ್ತಿದಳು. ಕೀರಲು ದನಿ ಮಾಯವಾಗಿ ದಪ್ಪ ಹೆಣ್ಣು ದನಿ ಮರಳಿತು. “ಇದು ಹಿಂದಕ್ಕೆ ಹೋಗೋ ಕೀಲಿ. ಕೊನೇಸಲ ಏನು ಸೇವ್ ಆಗಿತ್ತೋ ಅದನ್ನ ವಾಪಸ್ ತರುತ್ತೆ. ಅಂದ್ರೆ ಈ ಹೆಣ್ಣು ದನಿಯನ್ನ ಯಾರೋ ಸೇವ್ ಮಾಡಿದ್ದಾರೆ.”

“ಮಾಡಿದ್ರೆ ಏನೀಗ?”

“ಬೇರೆಯವರ ಜಾಗದಲ್ಲಿ ಕೂತಾಗ ನಾವು ನಮಗೆ ಬೇಕಾದ ಹಾಗೆ ಬದಲಾಯಿಸ್ಕೋತೀವಿ, ಸೇವ್ ಮಾಡಲ್ಲ. ಎದ್ದು ಹೋದ್ಮೇಲೆ ಅವರು ಈ ಕೀಲಿ ಒತ್ತಿದ್ರೆ ಅವರದ್ದು ಅವರಿಗೆ. ಇಲ್ಲಿ ಕೂತೋನು ಅಣ್ಣನ ಸೆಟ್ಟಿಂಗ್ ಮೇಲೆ ತನ್ನದನ್ನ ಒತ್ತಿ ಹೋಗಿದ್ದಾನೆ.”

“ಕೊಲೆ ಮಾಡಿ, ಗುರುತನ್ನೂ ಬಿಟ್ಟು ಹೋದ್ನಾ? ಅಷ್ಟು ದಡ್ಡನಾ?”

“ದಡ್ಡ ಅಲ್ಲ ಸಾರ್, ಅಣ್ಣನ ಶಿಷ್ಯ,” ಅಂದಳು ಚುಕ್ಕಿ.

ಕೇಂದ್ರದವರೆಲ್ಲ ಕಂಪ್ಯೂಟರ್ ಕಲಿತದ್ದು ಮೇಷ್ಟ್ರ ಕ್ಲಾಸಿನಲ್ಲೇ. ಅಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋಯಿತೆಂದರೆ ಅಷ್ಟು ಹೊತ್ತು ಕೂತು ಹೊಂದಿಸಿದ್ದೆಲ್ಲ ನೀರುಪಾಲು. ಅದಕ್ಕೇ ಮೇಷ್ಟ್ರು ಮೊದಲ ದಿನವೇ ಹೇಳುತ್ತಿದ್ದ ಪಾಠ ಒಂದೇ: ಕುರ್ಚಿಯಿಂದ ಎದ್ದೇಳುವ ಮುಂಚೆ ಸೇವ್ ಮಾಡು. ಮರೆತವನು ವಾರವಿಡೀ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯಬೇಕಿತ್ತು. ಕಲಿತವರ ಕೈಗೆ ಅದು ಎದ್ದು ನಿಲ್ಲುವಾಗ ಚಪ್ಪಲಿ ತಡಕುವಷ್ಟೇ ಸಲೀಸು. ಮೇಷ್ಟ್ರನ್ನು ಕೊಂದ ಕೈಯೂ ಮೇಷ್ಟ್ರು ಕಲಿಸಿದ್ದನ್ನು ಮರೆತಿರಲಿಲ್ಲ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕೂತ. ಇಷ್ಟು ಹೊತ್ತಿಗೆ ಮನುಷ್ಯನಿಗೆ ಆಸಕ್ತಿ ಹುಟ್ಟಿತ್ತು. “ಅವತ್ತು ಮಧ್ಯಾಹ್ನ ಯಾರೋ ಇದರಿಂದ ಒಂದು ಧ್ವನಿಮುದ್ರಣ ಅಳಿಸಿದ್ದಾರೆ ಅಂತ ನಮ್ಮ ಟೆಕ್ನಿಷಿಯನ್ ಹೇಳಿದ್ದ. ಏನಿತ್ತೋ ಗೊತ್ತಿಲ್ಲ, ಅದು ಹೋಯ್ತು. ನಾನು ನಿಮ್ಮ ಅತ್ತಿಗೆದೇ ಕೆಲಸ ಅಂದ್ಕೊಂಡೆ.” ಹೇಳುತ್ತ ಮೇಜಿನ ಮೇಲೆ ಮೊಣಕೈ ಊರಿದ.

“ಮರುಬಳಕೆ ಬುಟ್ಟಿ,” ಅಂದಿತು ಸ್ಪೀಕರ್.

ಚುಕ್ಕಿ ಬೆಚ್ಚಿದಳು. “ಏನು ಮುಟ್ಟಿದ್ರಿ?”

“ಏನಿಲ್ಲ. ಮೌಸ್‌ಗೆ ಕೈ ತಾಗ್ತು.”

“ಮೌಸ್ ಮೇಜಿನ ಮೇಲಿದ್ಯಾ?”

“ಇನ್ನೆಲ್ಲಿರುತ್ತೆ?”

“ಡ್ರಾಯರಲ್ಲಿ! ಬಾಣದ ಗುರುತು ಎಲ್ಲಿದೆ ಅಂತ ಕಾಣದೇ ಇರೋರಿಗೆ ಮೌಸ್ ಕಟ್ಕೊಂಡು ಏನಾಗಬೇಕು? ನಮ್ಮಲ್ಲಿ ಯಾರೂ ಮುಟ್ಟಲ್ಲ. ಕೈ ತಾಗಿದ್ರೆ ಸುಮ್ಮನೆ ಬಡಬಡಿಸುತ್ತೆ ಅಂತ ಅದನ್ನ ಓದೋ ಸೆಟ್ಟಿಂಗನ್ನೇ ಅಣ್ಣ ಎಲ್ಲರದ್ರಲ್ಲೂ ಆಫ್ ಮಾಡಿಸ್ತಿದ್ದ.”

“ನಾವು ಬಂದಾಗ ಇಲ್ಲೇ ಇತ್ತು,” ಅಂದ ಇನ್ಸ್‌ಪೆಕ್ಟರ್, ತಪ್ಪು ತನ್ನದೇ ಎಂಬಂತೆ.

ಚುಕ್ಕಿ ಕೀಲಿಗಳತ್ತ ತಿರುಗಿದಳು. ಸೆಟ್ಟಿಂಗ್‌ಗಳ ಪಟ್ಟಿಯನ್ನು ತೆರೆದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ದನಿ. ವೇಗ. ಚಿಹ್ನೆ. ಮೌಸ್ ಹೋದಲ್ಲಿ ಓದು, ಆನ್. ಇನ್ನೂ ಕೆಳಗೆ, ಅವಳು ತನ್ನ ಜನ್ಮದಲ್ಲಿ ಒಮ್ಮೆಯೂ ತಿರುಗಿ ನೋಡದಿದ್ದ ಒಂದು ಸಾಲು.

“ಓದುತ್ತಿರುವ ಜಾಗಕ್ಕೆ ಬಣ್ಣದ ಚೌಕಟ್ಟು ತೋರಿಸು. ಆನ್.”

ಅವಳ ಬೆರಳು ಅಲ್ಲೇ ನಿಂತಿತು. ಬೇಕೆಂದೇ ಹೋಗಿ ಹಾಕಿಕೊಳ್ಳದೆ ಅದು ತಾನಾಗಿ ಆನ್ ಆಗುವಂಥದ್ದಲ್ಲ.

“ಸಾರ್, ಪರದೆ ಮೇಲೆ ಏನಾದ್ರೂ ಚೌಕ ಕಾಣಿಸ್ತಿದ್ಯಾ?”

“ಹೌದಲ್ಲ. ಕೆಂಪು ಚೌಕ. ನೀವು ಹೋದಲ್ಲೆಲ್ಲ ಹಿಂದೇನೇ ಓಡಾಡ್ತಿದೆ. ಮೊದಲ ದಿನವೇ ನೋಡಿದ್ದೆ. ನಿಮ್ಮವರದ್ದೆಲ್ಲ ಹಾಗೇ ಇರುತ್ತೇನೋ ಅಂದ್ಕೊಂಡೆ.”

“ಹುಟ್ಟು ಕುರುಡರು ಕೆಂಪು ಚೌಕ ತಗೊಂಡು ಏನು ಮಾಡ್ಬೇಕು ಸಾರ್?”

ಪೆಪ್ಪರ್‌ಮಿಂಟು ಅಗಿಯುವುದು ನಿಂತಿತು.

ಆದರೆ ಪೊಲೀಸ್ ಬುದ್ಧಿ ಪೊಲೀಸ್ ಬುದ್ಧಿಯೇ. ಇನ್ಸ್‌ಪೆಕ್ಟರ್ ಸಾವರಿಸಿಕೊಂಡು ಹೇಳಿದ, “ಇದು ನಿಮ್ಮ ಅತ್ತಿಗೆ ತಲೆಗೇ ಬರುತ್ತಲ್ಲಮ್ಮ. ಅವರಿಗೆ ಕಣ್ಣು ಚೆನ್ನಾಗಿದೆ. ಮೌಸ್ ಹಿಡಿದಿದ್ದು ಅವರೇ, ಚೌಕ ಹಾಕಿದ್ದೂ ಅವರೇ.”

“ಈ ದನಿ ಈಗ ಏನು ಹೇಳ್ತು, ಹೇಳಿ ನೋಡೋಣ.”

“ಈ ವೇಗದಲ್ಲಿ? ನನ್ನಪ್ಪನಾಣೆ ಒಂದಕ್ಷರ ಗೊತ್ತಾಗ್ಲಿಲ್ಲ.”

“ಅತ್ತಿಗೆಗೂ ಗೊತ್ತಾಗಲ್ಲ. ಈ ಗಲಾಟೆ ಕೇಳಿದ್ರೆ ತಲೆನೋವು ಅಂತ ಈ ರೂಮಿನ ಹೊಸ್ತಿಲೇ ತುಳೀತಿರಲಿಲ್ಲ ಅವಳು. ಚೆನ್ನಾಗಿ ಕಾಣೋರು ದನಿ ಆಫ್ ಮಾಡಿ ಕೆಲಸ ಮುಗಿಸ್ತಾರೆ. ಏನೂ ಕಾಣದೋರಿಗೆ ಚೌಕ ಬೇಡ. ಇಲ್ಲಿ ಕೂತೋನಿಗೆ ಎರಡೂ ಬೇಕಾಗಿತ್ತು. ಅಕ್ಷರ ಓದೋವಷ್ಟು ಕಾಣಲ್ಲ, ಆಕಾರ ಹಿಡಿಯೋವಷ್ಟು ಕಾಣುತ್ತೆ. ಕಿವಿ ಮಾತ್ರ ನಮ್ಮ ಹಾಗೆ ಪಳಗಿದೆ.”

“ಅಂಥೋರು ಇಲ್ಲಿ ಎಷ್ಟು ಜನ ಇದ್ದಾರೆ?”

“ಅದೇ ಸಾರ್. ಯಾರೂ ಇಲ್ಲ. ಇಲ್ಲಿ ಕೆಲಸಕ್ಕಿರೋರೆಲ್ಲ ಪೂರ್ತಿ ಕಾಣದೋರು. ಸ್ವಲ್ಪ ಕಾಣೋರಿಗೆ ಇಲ್ಲಿ ಕೆಲಸವೇ ಕೊಡಲ್ಲ.” ಅವಳ ದನಿ ತಗ್ಗಿತು. “ಯಾರೋ ಒಬ್ಬರು ವೇಷ ಹಾಕ್ಕೊಂಡಿದ್ದಾರೆ. ಅಣ್ಣನಿಗೆ ಅದು ಗೊತ್ತಾಗಿತ್ತು. ಆ ಧ್ವನಿಮುದ್ರಣದಲ್ಲಿ ಇದ್ದಿದ್ದು ಅದೇ ಇರಬೇಕು.”

ಇನ್ಸ್‌ಪೆಕ್ಟರ್ ಎದ್ದು ಓಡಾಡಿದ. “ಅವತ್ತು ಮಧ್ಯಾಹ್ನ ಈ ಓಣಿಗೆ ಬಂದೋರು ಮೂರೇ ಜನ. ಟೆಲಿಫೋನ್ ಆಪರೇಟರ್.”

“ಅವಳ ಎರಡೂ ಕಣ್ಣು ಗಾಜಿಂದು.”

“ಕುರ್ಚಿ ಹೆಣೆಯೋ ಮುದುಕ.”

“ಪಟಾಕಿ ಸಿಡಿದು ಕಣ್ಣಗುಡ್ಡೆಗಳೇ ಹೋಗಿವೆ ಪಾಪ.”

“ಮೂರನೆಯೋರು ವಾರ್ಡನ್. ನಿಮ್ಮ ಯಜಮಾನ್ರು.”

ಚುಕ್ಕಿ ನಕ್ಕುಬಿಟ್ಟಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. “ಅವರಾ? ಮದುವೆಯಾದಾಗಿನಿಂದ ಅದೇ ಮನೆ, ಅದೇ ಬಾಗಿಲು. ದಿನಾ ಮೊಣಕೈ ಹೊಡ್ಕೊಂಡು ಬಾಗಿಲಿಗೇ ಬೈತಾರೆ. ಅವರನ್ನ ಬಿಡಿ ಸಾರ್. ಹೊರಗಿನಿಂದ ಬಂದೋರು ಯಾರಾದ್ರೂ ಇರ್ಬೇಕು.”

“ಎಲ್ಲರನ್ನೂ ಕಣ್ಣಿನ ಡಾಕ್ಟರ್ ಹತ್ರ ಕಳಿಸ್ತೀನಿ, ಆಗ ಗೊತ್ತಾಗುತ್ತೆ. ಮೊದಲು ಕೋರ್ಟಿಗೆ ಹೇಳಿ ನಿಮ್ಮ ಅತ್ತಿಗೆ ವಿಷಯ ನಿಲ್ಲಿಸಬೇಕು. ಆದ್ರೆ ಕೋರ್ಟಿಗೆ ಈ ಮಾತು ಸಾಲದು, ಕೈಗೆ ಏನಾದ್ರೂ ಕೊಡಬೇಕು.”

“ಕೊಡ್ತೀನಿ.” ಚುಕ್ಕಿ ಆ ದಪ್ಪ ದನಿಯ ಸೆಟ್ಟಿಂಗ್‌ಗಳನ್ನು ಇದ್ದದ್ದು ಇದ್ದಹಾಗೆ ಪೆನ್ ಡ್ರೈವಿಗೆ ಪ್ರತಿ ಮಾಡಿದಳು. ಈಗ ಅದರಲ್ಲಿ ಎರಡು ದನಿಗಳಿದ್ದವು, ಸತ್ತವನದೊಂದು, ಕೊಂದವನದೊಂದು. “ಆಯ್ತು. ಇದೊಂದು, ಕಂಪ್ಯೂಟರಲ್ಲಿರೋದೊಂದು.”

“ಮುಟ್ಟಬೇಡಿ, ಪೆನ್ ಡ್ರೈವೂ ಅಲ್ಲೇ ಇರ್ಲಿ. ಇಲ್ಲಿ ಫೋನಿಗೆ ಸಿಗ್ನಲ್ ಸಿಗ್ತಿಲ್ಲ, ಗೇಟ್ ಹತ್ರ ಹೋಗಿ ಬರ್ತೀನಿ. ಕಾನ್‌ಸ್ಟೇಬಲ್ ಬಾಗಿಲಲ್ಲೇ ಇರ್ತಾನೆ.” ಕಿರ್ ಕಿರ್ ಬೂಟು ಓಣಿಯುದ್ದಕ್ಕೂ ದೂರವಾಯಿತು.

ಚುಕ್ಕಿ ಅಣ್ಣನ ಕುರ್ಚಿಯ ಕೈ ಸವರುತ್ತ ಕೂತಳು. ಅತ್ತಿಗೆ ಇವತ್ತು ಮನೆಗೆ ಬರುತ್ತಾಳೆ. ಬಂದವಳೇ ಏನಾದರೊಂದು ಜಗಳ ತೆಗೆಯುತ್ತಾಳೆ. ತೆಗೆಯಲಿ, ಹೊಟ್ಟೆ ತುಂಬ ಬೈಸಿಕೊಳ್ಳುತ್ತೇನೆ ಎಂದುಕೊಂಡಳು.

ಓಣಿಯಲ್ಲಿ ಕೋಲು ಕುಟ್ಟುವ ಸದ್ದು ಬಂತು. ಟಕ್, ಟಕ್. ಆಮೇಲೆ ಬಾಗಿಲಿಗೆ ಧಡ್ಡನೆ ಏನೋ ತಾಗಿತು.

“ಹಾಳಾದ ಬಾಗಿಲು!”

“ಯಜಮಾನ್ರು ಬಂದಿದಾರಮ್ಮಾ. ಬಿಡ್ಲಾ?” ಕಾನ್‌ಸ್ಟೇಬಲ್ ಕೇಳಿದ.

“ಬಿಡಿ ಪಾಪ,” ಅಂದಳು ಚುಕ್ಕಿ.

“ನಿಮ್ಮ ಸಾಹೇಬ್ರು ಗೇಟಲ್ಲಿ ಕರೀತಿದಾರಪ್ಪ, ಬೇಗ ಹೋಗು,” ವಾರ್ಡನ್ ಅವನಿಗೆ ಹೇಳಿದ. ಕಾನ್‌ಸ್ಟೇಬಲ್ ಓಡಿದ. ಕೋಲು ಒಳಗೆ ಬಂತು, ಕುರ್ಚಿಯನ್ನು ತಡಕಿತು. ಪಕ್ಕದಲ್ಲಿ ಗಂಡ ಕೂತ. ಸೋಪಿನ ವಾಸನೆ, ಇಸ್ತ್ರಿ ಮಾಡಿದ ಅಂಗಿಯ ಗರಿಗರಿ.

“ಊಟವಿಲ್ಲ, ನಿದ್ದೆಯಿಲ್ಲ. ಏನು ಸಿಕ್ತು ಚುಕ್ಕಿ?”

ಅವಳಿಗೆ ತಡೆಯಲಾಗಲಿಲ್ಲ. ಹೇಳದೆ ಇನ್ಯಾರಿಗೆ ಹೇಳಬೇಕು? ಒಂದೂ ಬಿಡದೆ ಹೇಳಿದಳು: ದನಿ, ಸೇವ್, ಮೌಸ್, ಕೆಂಪು ಚೌಕ, ಕಣ್ಣಿನ ಡಾಕ್ಟರು, ಪೆನ್ ಡ್ರೈವು. “ನಮ್ಮ ಮಧ್ಯದಲ್ಲೇ ಇದ್ದಾನೆ ರೀ. ಕಣ್ಣಿಟ್ಕೊಂಡು ಕುರುಡನ ಹಾಗೆ ನಟಿಸ್ತಿದ್ದಾನೆ.”

ಗಂಡನ ಕೋಲು ನೆಲದ ಮೇಲೆ ಒಂದು ಸುತ್ತು ತಿರುಗಿತು.

“ಅಯ್ಯೋ,” ಅಂದ ಕೊನೆಗೆ. “ನನಗೆ ಬಾಯಿ ಒಣಗ್ತಿದೆ ಕಣೇ. ಆ ಸಿಂಕಿನ ಹತ್ರ ಲೋಟ ಇರಬೇಕು. ಚೆನ್ನಾಗಿ ತೊಳೆದು ಒಂದು ಲೋಟ ನೀರು ಕೊಡು.”

ಚುಕ್ಕಿ ಮೂಲೆಗೆ ಹೋದಳು. ಸಿಂಕಿನ ಮೇಲಿನ ಗೂಡಿನಲ್ಲಿ ಸ್ಟೀಲ್ ಲೋಟ ಸಿಕ್ಕಿತು. ನಲ್ಲಿ ತಿರುಗಿಸಿದಳು. ನೀರು ಭೋರ್ ಎಂದು ಸುರಿಯಿತು. ತೊಳೆದು, ನಿಲ್ಲಿಸಿದಳು.

ಬೆನ್ನ ಹಿಂದೆ ಪಿಸುಗುಟ್ಟುವಷ್ಟು ಸಣ್ಣಗೆ, ದಪ್ಪ ಹೆಣ್ಣು ದನಿ.

“ಸೆಟ್ಟಿಂಗ್‌ಗಳು. ಉಳಿಸಿದ ಸೆಟ್ಟಿಂಗ್‌ಗಳಿಗೆ ಮರಳಿ. ನಿರ್ಗಮಿಸಿ.” ತಡವರಿಸಿ ಮತ್ತೆ ಮೇಲಕ್ಕೆ. “ಮೂಲ ಸೆಟ್ಟಿಂಗ್‌ಗಳಿಗೆ ಮರಳಿ.”

ಕೀಲಿಯ ಸದ್ದಿರಲಿಲ್ಲ. ಕೀಲಿಯಿಂದ ಹೋದರೆ ಒಂದೊಂದೇ ಸಾಲು ಇಳಿಯಬೇಕು. ಇದು ಹಾರಿತ್ತು, ಗುರಿ ತಪ್ಪಿತ್ತು, ಹಿಂದಕ್ಕೆ ಬಂದಿತ್ತು. ಕಣ್ಣಿನಿಂದ ನೋಡಿಕೊಂಡು ಗುರಿಯಿಡುವ ಕೈ. ಓದಲಾಗದ್ದರಿಂದ ಕೇಳಲೇಬೇಕಾದ, ಕೇಳಬೇಕೆಂದೇ ದನಿಯನ್ನು ಪೂರ್ತಿ ಅಡಗಿಸಲಾಗದ ಕೈ.

ಥಟ್ಟನೆ ಮತ್ತೆ ನಲ್ಲಿ ತಿರುಗಿಸಿದಳು. ಕೇಳಿಸಿತೆಂದು ಅವನಿಗೆ ಗೊತ್ತಾಗಬಾರದು.

ಭೋರ್ಗರೆವ ನೀರಿನ ಮುಂದೆ ನಿಂತು ಅವಳಿಗೆ ಒಂದೊಂದೇ ನೆನಪಾಯಿತು. “ಈ ಸೀರೆ ಬೇಡ, ಕಲೆಯಾಗಿದೆ,” ಅಂದಿದ್ದ ಒಮ್ಮೆ. ಪಕ್ಕದ ಮನೆಯವರು ಹೇಳಿರಬೇಕೆಂದು ಸುಮ್ಮನಾಗಿದ್ದಳು. ಸೂಜಿ ಕೆಳಗೆ ಬಿದ್ದಾಗ ತಡಕದೆ ಎತ್ತಿಕೊಟ್ಟಿದ್ದ. ಅವಳು ಮಲಗಿದ್ದಾಳೆಂದು ಅವನಿಗೆ ಅನ್ನಿಸಿದ ಹೊತ್ತಿನಲ್ಲಿ ಆ ಮೊಣಕೈ ಬಾಗಿಲಿಗೆ ತಾಗಿದ್ದು ಒಂದು ಸಲವೂ ಇಲ್ಲ. ಇಷ್ಟು ವರ್ಷ, ಒಂದೇ ಮನೆಯಲ್ಲಿ, ಅವನು ಅವಳನ್ನು ನೋಡುತ್ತಲೇ ಇದ್ದ. ಅವಳು ಅಳುವುದನ್ನೂ, ತಡವರಿಸುವುದನ್ನೂ, ಬಟ್ಟೆ ಬದಲಿಸುವುದನ್ನೂ. ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು, ಅದರ ಹಿಂದೆಯೇ ಭಯ ಬಂತು.

ನಲ್ಲಿ ನಿಲ್ಲಿಸಿದಾಗ ಸ್ಪೀಕರಿನಲ್ಲಿ ಬೇರೊಂದು ದನಿ ಇತ್ತು. ನಿಧಾನದ, ಯಾರದೂ ಅಲ್ಲದ, ಕಂಪನಿಯಿಂದ ಬಂದಾಗಿನ ದನಿ. “ಸೆಟ್ಟಿಂಗ್‌ಗಳನ್ನು ಉಳಿಸಲಾಗಿದೆ,” ಅಂದಿತು ಅದು.

ಕಂಪ್ಯೂಟರಿನಲ್ಲಿದ್ದದ್ದು ಹೋಯಿತು. ಇನ್ನು ಉಳಿದದ್ದು ಪೆನ್ ಡ್ರೈವ್ ಒಂದೇ. ಅದಿಲ್ಲದಿದ್ದರೆ ಅತ್ತಿಗೆ ಇವತ್ತು ಮನೆಗಲ್ಲ, ಜೈಲಿಗೆ.

ಇಷ್ಟು ವರ್ಷ ಅವನು ಮಾಡಿದ್ದನ್ನು ಈಗ ಅವಳು ಮಾಡಬೇಕಿತ್ತು. ಏನೂ ತಿಳಿಯದವಳಂತೆ ಮುಖವಿಟ್ಟುಕೊಂಡು, ತುಂಬಿದ ಲೋಟ ಹಿಡಿದು, ಮೇಜಿನವರೆಗೆ ನಡೆದು ಬಂದಳು.

“ಇಗೊಳ್ಳಿ ರೀ.”

ಲೋಟ ಅವಳ ಕೈಯಿಂದ ಹೋಯಿತು. ಅದೇ ಗಳಿಗೆಯಲ್ಲಿ ಅವಳು ಬಳೆಗಳನ್ನು ಮೇಲಕ್ಕೆ ಒತ್ತಿ, ಎಡಗೈಯನ್ನು ಮೇಜಿನ ಕೆಳಗೆ ಜಾರಿಸಿದಳು. ಒಂದು ಎಳೆ ಸದ್ದಿಲ್ಲ. ಡಬ್ಬದ ಅಂಚು ಸಿಕ್ಕಿತು. ಕಿಂಡಿ ಸಿಕ್ಕಿತು.

ಕಿಂಡಿ ಖಾಲಿಯಿತ್ತು.

“ಅಲ್ಲಿಲ್ಲ ಚುಕ್ಕಿ,” ಅಂದ ಗಂಡ, ಯಾವತ್ತಿನಷ್ಟೇ ಅಕ್ಕರೆಯಿಂದ.

ಅವನು ಎದ್ದ. ಕೋಲು ಕುಟ್ಟಲಿಲ್ಲ. ನೇರವಾಗಿ, ಎಲ್ಲೂ ತಾಗದೆ, ಬಾಗಿಲವರೆಗೆ ನಡೆದ. ಚಿಲಕ ಬಿತ್ತು. ಅಷ್ಟೇ ಹಗುರಾಗಿ ಮರಳಿ ಬಂದು ಅವಳ ಬೆರಳುಗಳನ್ನು ಬಿಡಿಸಿ ಲೋಟವನ್ನು ಹಿಡಿಸಿದ.

“ಸುಸ್ತಾಗಿದ್ದೀಯ. ಕೂತ್ಕೋ. ನಾನು ಕುಡಿದಾಯ್ತು, ಉಳಿದಿದ್ದು ನೀನು ಕುಡಿ.”

ಅವನು ಗುಟುಕರಿಸಿದ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಲೋಟ ಅವಳು ಕೊಟ್ಟಾಗ ಎಷ್ಟು ತುಂಬಿತ್ತೋ ಈಗಲೂ ಅಷ್ಟೇ ತುಂಬಿತ್ತು.